ಉಣ್ಣದವರು ಹಚ್ಚಿದ ಒಲೆ

ನಮ್ಮ ಊರಿನಲ್ಲಿ ಹೊಗೆ ಗಾಳಿಯ ಮಾತು ಕೇಳುವುದಿಲ್ಲ. ಬೆಂಕಿ ಹಚ್ಚಿದವರು ರಾತ್ರಿ ತಲೆಯಿಟ್ಟು ಮಲಗುವ ಮನೆ ಯಾವುದೆಂದು ಹುಡುಕಿಕೊಂಡು ಹೋಗಿ, ಅದರ ಮಾಳಿಗೆಯ ಮೇಲೆ ನಿಲ್ಲುತ್ತದೆ. ಬೆಂಕಿ ಎಲ್ಲಿ ಉರಿಯಿತು, ಯಾರಿಗಾಗಿ ಉರಿಯಿತು ಎಂಬುದು ಅದಕ್ಕೆ ಬೇಕಿಲ್ಲ. ಕಡ್ಡಿ ಗೀರಿದ ಕೈ ಯಾವುದು ಎಂಬುದಷ್ಟೇ ಬೇಕು. ಬೇರೆ ಊರುಗಳಲ್ಲಿ ಹೊಗೆ ಎಲ್ಲಿಗೋ ಹೋಗಿಬಿಡುತ್ತದಂತೆ. ಎಲ್ಲಿಗೆ ಎಂದು ಕೇಳಿದರೆ ಅಲ್ಲಿಯವರು ಆಕಾಶದ ಕಡೆ ಕೈ ತೋರಿಸುತ್ತಾರೆ, ಅದರ ಕೆಳಗೆ ಯಾರೂ ವಾಸವಿಲ್ಲ ಎಂಬಂತೆ.

ಹೀಗಿರುವುದರಿಂದ ನಮ್ಮವರು ಬೆಂಕಿಯ ವಿಷಯದಲ್ಲಿ ಸ್ವಲ್ಪ ಜಿಪುಣರು. ನಾಲ್ಕೈದು ಮನೆಗೆ ಒಂದು ಒಲೆ, ಕಡ್ಡಿ ಗೀರುವುದು ಸರದಿಯ ಮೇಲೆ. ಬೇಳೆ ಬಿಸಿಲಿನಲ್ಲೇ ಮೆತ್ತಗಾಗಬೇಕು, ನೀರು ಬಿಸಿಲಿನಲ್ಲೇ ಕಾಯಬೇಕು. ರೊಟ್ಟಿಗೆ ಮಾತ್ರ ಬೆಂಕಿಯ ಮರ್ಯಾದೆ. ಹೆಣ್ಣು ನೋಡಲು ಬಂದವರು ಮೊದಲು ಕತ್ತೆತ್ತಿ ಮಾಳಿಗೆ ನೋಡುತ್ತಾರೆ, ಆಮೇಲೆ ಹುಡುಗಿಯನ್ನು. ಬಾಡಿಗೆಗೆ ಬಂದವರನ್ನು ಬೀಡಿ ಸೇದುತ್ತೀರಾ ಎಂದು ಕೇಳಿದರೆ ಅದು ಅವಮಾನವಲ್ಲ, ಕರಾರು. ಒಂದು ಕಟ್ಟಳೆಯನ್ನಂತೂ ಯಾರೂ ಮೀರುವುದಿಲ್ಲ: ಉಂಡವರೇ ಹಚ್ಚಬೇಕು. ಯಾವ ಒಲೆಯ ತುತ್ತು ನಿಮ್ಮ ಹೊಟ್ಟೆಗೆ ಹೋಗಿಲ್ಲವೋ ಆ ಒಲೆಗೆ ನೀವು ಕಡ್ಡಿ ಗೀರಬಾರದು. ಮದುವೆ ಮನೆಯಲ್ಲಿ ಕೂಡ ಒಲೆ ಹಚ್ಚುವವರು ಬೀಗರಿಬ್ಬರು. ಅಡುಗೆಯವನು ಸೌಟು ಮಾತ್ರ ಹಿಡಿಯುತ್ತಾನೆ.

ಊರಿನ ಪಕ್ಕದ ದಿಬ್ಬದ ಮೇಲೆ ವಿಶ್ವವಿದ್ಯಾಲಯವಿದೆ. ನಾನು ಅಲ್ಲಿ ಹಳಗನ್ನಡ ಪಾಠ ಮಾಡುತ್ತೇನೆ, ಅಂದರೆ ಯಾರಿಗೂ ತೊಂದರೆಯಿಲ್ಲದ ಕೆಲಸ. ದಿಬ್ಬದ ಮೇಲಿನವರಲ್ಲಿ ಹೆಚ್ಚಿನವರು ಪರವೂರಿನವರು. ನಮ್ಮ ಹೊಗೆಯ ಬಗ್ಗೆ ಜಾನಪದ ವಿಭಾಗದವರು ಮಹಾಪ್ರಬಂಧಗಳನ್ನು ಬರೆದು ಡಾಕ್ಟರೇಟ್ ಪಡೆದಿದ್ದಾರೆ. ಒಬ್ಬರೂ ಕಿಟಕಿಯಿಂದ ಹೊರಗೆ ನೋಡಿದಂತಿಲ್ಲ. ನೋಡಿದ್ದರೆ ಕ್ಯಾಂಪಸ್ಸಿನ ಹಿಂದಿನ ಸಾಲುಮನೆಗಳ ಮೇಲೆ ಎಮ್ಮೆಗಳ ಹಿಂಡು ಮಲಗಿದಂತೆ ಒಂದು ಕಪ್ಪು ರಾಶಿ ಕಾಣುತ್ತಿತ್ತು. ಹಾಸ್ಟೆಲ್ಲಿನ ಸ್ನಾನದ ನೀರು ಕಾಯಿಸುವ ಬಾಯ್ಲರ್, ಮೆಸ್ಸಿನ ಒಲೆಗಳು, ಕರೆಂಟು ಹೋದರೆ ಗುಡುಗುವ ಡೀಸೆಲ್ ಜನರೇಟರ್‌ಗಳು, ಇವನ್ನೆಲ್ಲ ಹಚ್ಚುವ ಆಳುಗಳು ಆ ಸಾಲುಮನೆಗಳಲ್ಲಿ ಇದ್ದರು. ಮೆಸ್ಸಿನಲ್ಲೇ ಉಣ್ಣುತ್ತಿದ್ದರು, ಅಲ್ಲಿಗೇ ಕಡ್ಡಿ ಗೀರುತ್ತಿದ್ದರು, ಹೊಗೆ ಅಲ್ಲೇ ನಿಲ್ಲುತ್ತಿತ್ತು. ಚಂದದ ನೋಟವಲ್ಲ, ಆದರೆ ನ್ಯಾಯದ ನೋಟ.

ಡಾ. ಮೃತ್ಯುಂಜಯ ಕೋಳೂರ ಎಂಬವರು ಕುಲಸಚಿವರಾಗಿ ಬಂದರು. ಭೂಮಿ ಕಾಯುತ್ತಿರುವುದರ ಬಗ್ಗೆ ಮಾತನಾಡಲು ಅವರನ್ನು ದೂರದೂರದ ದೇಶಗಳು ಕರೆಸಿಕೊಳ್ಳುತ್ತಿದ್ದವು, ಅವರು ವಿಮಾನ ಹತ್ತಿ ಹೋಗಿ ಮಾತನಾಡಿ ಬರುತ್ತಿದ್ದರು. ಆ ಹೊಗೆ ಪೈಲಟ್ಟನ ಮನೆ ಹುಡುಕಿಕೊಂಡು ಹೋಗುತ್ತಿತ್ತೇನೋ, ಪಾಪ. ಬಂದ ವರ್ಷವೇ ಅವರು ನಮ್ಮ ವಿಶ್ವವಿದ್ಯಾಲಯವನ್ನು ‘ನಿರ್ಮಲಾಕಾಶ’ ಮಾನ್ಯತೆಗೆ ನಿಲ್ಲಿಸಿದರು. ಅದಕ್ಕೆ ಕ್ಯಾಂಪಸ್ಸಿನ ಮೇಲೆ ಹೊಗೆ ಇರಬಾರದು.

ಹೊಗೆ ಇಲ್ಲದಂತೆ ಮಾಡುವುದು ಅಂಥ ಬ್ರಹ್ಮವಿದ್ಯೆಯಾಗಿರಲಿಲ್ಲ. ಗ್ರಂಥಾಲಯದ ಹಿಂದೆ ತಾಡಪಾಲಿನ ಕೆಳಗೆ ಸೌರ ಹೀಟರುಗಳು ಡಬ್ಬಿ ಬಿಚ್ಚದೆ ಬಿದ್ದಿದ್ದವು. ಅನುದಾನದಲ್ಲಿ ಕೊಂಡು, ಫೋಟೊ ತೆಗೆಸಿ, ಮುಚ್ಚಿಟ್ಟಿದ್ದು. ಮೆಸ್ಸಿನ ಮುಸುರೆಯಿಂದ ಗ್ಯಾಸು ತೆಗೆಯುವ ಗೋಬರ್ ಗ್ಯಾಸಿನ ಗುಂಡಿಯನ್ನು ಅರ್ಧ ತೋಡಿ ಬಿಟ್ಟಿದ್ದರು, ಅದರಲ್ಲಿ ಕಪ್ಪೆಗಳು ಸಂಸಾರ ಹೂಡಿದ್ದವು. ಬಿಸಿಲು ಫಲಕಗಳಿಗೆಂದು ಮೂರು ವಿಭಾಗಗಳ ಮಾಳಿಗೆಗಳು ಖಾಲಿ ಇದ್ದವು. ಆದರೆ ಇದೆಲ್ಲ ಮಾಡಬೇಕೆಂದರೆ ಅಗೆಯಬೇಕು, ಜೋಡಿಸಬೇಕು, ಸೆಮಿನಾರ್ ಹಾಲಿನ ಏಸಿ ಆರಿಸಬೇಕು, ಚಳಿಗಾಲದಲ್ಲೂ ಶಾಲು ಹೊದ್ದು ಕೂರುವಂತೆ ಅದನ್ನು ಓಡಿಸುವ ಅಭ್ಯಾಸ ಬಿಡಬೇಕು. ಕೋಳೂರ ಅವರಿಗೆ ಇದಕ್ಕಿಂತ ಸುಲಭದ ದಾರಿ ಹೊಳೆಯಿತು. ಸಾಲುಮನೆಗಳನ್ನು ಕೆಡವಿಸಿದರು. ಹಚ್ಚುವವರನ್ನೆಲ್ಲ ಗುತ್ತಿಗೆಯ ಮೇಲೆ ಹಾಕಿ, ಊರೊಳಗೆ ಎಲ್ಲಾದರೂ ಇದ್ದುಕೊಂಡು ದಿನಾ ಬಂದು ಹಚ್ಚಿ ಹೋಗಿ ಎಂದರು.

ಹೊಗೆ ಅವರ ಹಿಂದೆ ಹೊರಟಿತು, ಹಟ್ಟಿಗೆ ಮರಳುವ ದನಗಳ ಹಾಗೆ. ದಿಬ್ಬದ ಮೇಲೆ ಆಕಾಶ ತೊಳೆದಿಟ್ಟ ತಾಟಿನಂತೆ ಹೊಳೆಯತೊಡಗಿತು.

ಬಾಯ್ಲರ್ ಹಚ್ಚುವವಳು ಕಾಶವ್ವ. ಗಾಣಗೇರ ಓಣಿಯಲ್ಲಿ ಅವಳ ಅತ್ತೆಯಿಂದ ಬಂದ ಮನೆಯಿತ್ತು. ಮೇಲಿನ ಕೋಣೆಯಲ್ಲಿ ನಾನು ಬಾಡಿಗೆಗಿದ್ದೆ. ಸಾಲುಮನೆ ಬಿದ್ದ ಮೇಲೆ ಅವಳು ಗಂಟುಮೂಟೆ ಸಮೇತ ಕೆಳಗಿನ ಕೋಣೆಗೆ ಬಂದಳು. ಬೇಸಿಗೆ ಬಂದರೆ ಆ ಮಾಳಿಗೆಯ ಮೇಲೆ ಅವಳು ಸಂಡಿಗೆ ಹಾಕುತ್ತಿದ್ದಳು. ಹಳೆ ಸೀರೆ ಹಾಸಿ, ಹಿಟ್ಟಿನ ಕೊಪ್ಪರಿಗೆ ನಡುವೆ ಇಟ್ಟುಕೊಂಡು, ಬೆರಳ ತುದಿಯಿಂದ ಇಟ್ಟ ಸಂಡಿಗೆ ಎಣ್ಣೆಗೆ ಬಿದ್ದರೆ ಮಲ್ಲಿಗೆ ಮೊಗ್ಗು ಬಾಯಿ ತೆರೆದಂತೆ ಅರಳುತ್ತಿತ್ತು. ಬೀಗರಿಗೆ ಕಾಶವ್ವನ ಸಂಡಿಗೆ ಬಡಿಸದ ಮದುವೆ ನಮ್ಮ ಊರಲ್ಲಿ ಪೂರ್ತಿ ಮದುವೆಯಲ್ಲ. ಬಾಯ್ಲರ್ ಅವಳ ಹೊಟ್ಟೆಪಾಡು. ಸಂಡಿಗೆ ಅವಳ ಹೆಸರು. ಅವಳದು ಎಂದು ಹೇಳಿಕೊಳ್ಳಲು ಈ ಲೋಕದಲ್ಲಿ ಏನಾದರೂ ಇದ್ದರೆ ಆ ಮಾಳಿಗೆಯ ಬಿಸಿಲು.

ಆ ಬೇಸಿಗೆ ಬಿಸಿಲು ಬರಲಿಲ್ಲ. ನಾನೂರು ಹುಡುಗರ ಸ್ನಾನದ ನೀರಿನ ಹೊಗೆ ನಮ್ಮ ತಲೆಯ ಮೇಲೆ ಕಂಬಳಿಯಂತೆ ಹಾಸಿಕೊಂಡಿತ್ತು. ಹಾಕಿದ ಸಂಡಿಗೆ ಮೂರು ದಿನವಾದರೂ ಒಣಗದೆ, ಅಂಚಿನಲ್ಲಿ ಹಸಿರು ಬೂಷ್ಟು ಹಿಡಿದು, ಒಂಥರಾ ಮುಗ್ಗಲು ವಾಸನೆ ಹೊಡೆಯಿತು. ಮೊದಲ ಮದುವೆಯ ಮನೆಯವರು ಸದ್ದಿಲ್ಲದೆ ವಾಪಸು ತಂದಿಟ್ಟು ಹೋದರು. ಎರಡನೆಯವರು ಸದ್ದು ಮಾಡಿ ಹೋದರು.

“ಅಕ್ಕೋರ, ನೋಡ್ರಿಲ್ಲೆ,” ಎಂದು ಕಾಶವ್ವ ಒಂದು ಸಂಡಿಗೆಯನ್ನು ನನ್ನ ಅಂಗೈಯಲ್ಲಿಟ್ಟಳು. “ಹುಡುಗೂರ ಮೈ ತೊಳದ ಹೊಗಿ ಇದು. ಅವ್ರು ಬೆಳ್ಳಗಾದ್ರು, ನಮ್ಮ ಸಂಡಿಗಿ ಕರ್ರಗಾತು.”

ಇಬ್ಬರೂ ಕುಲಸಚಿವರ ಬಳಿಗೆ ಹೋದೆವು. ಕೋಳೂರ ಅವರ ಕೋಣೆಯ ದೊಡ್ಡ ಕಿಟಕಿಯಲ್ಲಿ ನೀಲಿ ಆಕಾಶ ಚೌಕಟ್ಟು ಹಾಕಿಸಿದಂತೆ ಕೂತಿತ್ತು. ಏಸಿಯ ತಂಪಿಗೆ ಕಾಶವ್ವ ಸೆರಗು ಹೊದ್ದುಕೊಂಡಳು.

“ವನಮಾಲಾ ಮೇಡಂ, ನೀವು ಓದಿದವ್ರು, ನಿಮಗಾದ್ರೂ ತಿಳೀಬೇಕು,” ಎಂದರು ಕೋಳೂರ, ನನ್ನನ್ನು ನೋಡಿ. “ಹೊಗಿ ಅನ್ನೋದು ಹಚ್ಚಿದವರಿಗೂ ಒಲಿಗೂ ಸಂಬಂಧಪಟ್ಟ ವಿಷಯ. ನಡುವ ಸಂಸ್ಥೆ ಕೈ ಹಾಕೂದು ಸರಿ ಅಲ್ಲ. ವಿಶ್ವವಿದ್ಯಾಲಯ ಏನು ಕಡ್ಡಿ ಗೀರತದೇನು? ಅದಕ್ಕ ಕೈ ಎಲ್ಲಿ ಅದಾವ?”

“ಬಾಯಿ ಐತೆಲ್ರಿ ಸರ,” ಎಂದಳು ಕಾಶವ್ವ.

ಅವರು ಕೇಳಿಸದವರಂತೆ ಪೆನ್ನಿನ ಮುಚ್ಚಳ ತಿರುವಿದರು.

“ಆ ಡಬ್ಬಿ ಬಿಚ್ರೆಲಾ ಸರ, ಬಿಸಲಾಗ ನೀರ ಕಾಸೂವು. ನಾ ಕಡ್ಡಿ ಗೀರೂದ ಬ್ಯಾಡಾಕ್ಕೈತಿ.”

“ಅದು ಎರಡನೇ ಹಂತದಾಗ ಬರತದ.”

“ಮೊದಲನೇ ಹಂತ ಯಾವುದ್ರಿ?”

“ಮುಗೀತಲ್ಲ! ಕಿಟಕ್ಯಾಗ ನೋಡವಾ, ಆಕಾಶ ಹೆಂಗೈತಿ.”

ಕಾಶವ್ವ ಎದ್ದು ಹೋಗಿ ನಿಧಾನವಾಗಿ ನೋಡಿದಳು. “ಚಲೋ ಐತ್ರಿ,” ಎಂದಳು. “ನಮ್ಮ ಮಾಳಗಿ ಮ್ಯಾಲಿಂದು ತಂದು ಇಲ್ಲಿ ಹಾಸೀರಿ.”

ಮಾನ್ಯತೆಯ ಸಮಿತಿಯವರು ಮೊದಲ ಸುತ್ತಿನ ತಪಾಸಣೆಗೆ ಬಂದು, ಏನೇನೋ ಯಂತ್ರ ನಿಲ್ಲಿಸಿ, ಆಕಾಶಕ್ಕೆ ನೂರಕ್ಕೆ ನೂರು ಕೊಟ್ಟು ಹೋದರು. ಅವರಲ್ಲಿ ಒಬ್ಬರು ಮಾತ್ರ, ವಯಸ್ಸಾದವರು, ದಿಬ್ಬದ ಕೆಳಗೆ ಕೈ ಮಾಡಿ ಅದೇನು ಕಪ್ಪು ಎಂದು ಕೇಳಿದರಂತೆ. “ಅದು ಊರಿಂದು,” ಎಂದರಂತೆ ಕೋಳೂರ. ಸುಳ್ಳು ಹೇಳುವ ಜನರನ್ನು ಬೇಕಾದಷ್ಟು ಕಂಡಿದ್ದೇನೆ. ಇದು ಸುಳ್ಳೂ ಅಲ್ಲ, ಅದೇ ಸಿಟ್ಟು. ಒಬ್ಬನ ಕೊಳೆಯನ್ನು ಇನ್ನೊಬ್ಬನ ಅಂಗಳಕ್ಕೆ ದೂಡಿ, ಆಮೇಲೆ ಆ ಅಂಗಳದವನ ಕಡೆ ಮೂಗು ಮುಚ್ಚಿಕೊಂಡು ನೋಡುವುದಕ್ಕೆ ನನ್ನ ಹಳಗನ್ನಡದಲ್ಲೂ ಸರಿಯಾದ ಪದವಿಲ್ಲ.

ವಿಷಯ ತಿರುಗಿದ್ದು ಒಂದು ಊಟದ ಹೊತ್ತಿನಲ್ಲಿ. ನಾನು ತರಗತಿ ಮುಗಿಸಿ ಬಾಯ್ಲರ್ ಮನೆಯ ಹಿಂದಿನಿಂದ ಹೋಗುತ್ತಿದ್ದೆ. ಬೇವಿನ ನೆರಳಿನಲ್ಲಿ ಕಾಶವ್ವ ಮತ್ತು ಜನರೇಟರ್ ಓಡಿಸುವ ದಾವಲಸಾಬ ಬುತ್ತಿ ಬಿಚ್ಚಿ ಕೂತಿದ್ದರು. ಗುತ್ತಿಗೆಯವರಾದ ಮೇಲೆ ಅವರಿಗೆ ಮೆಸ್ಸಿನ ಊಟ ನಿಂತಿತ್ತು. ಉಳಿತಾಯ ಎಂದು ಕೋಳೂರ ಅವರದೇ ಆದೇಶ. ದಾವಲಸಾಬ ವಯಸ್ಸಾದವನು, ನಗುತ್ತಲೇ ಕಷ್ಟ ಹೇಳುವವನು.

“ನಮ್ಮ ಮನ್ಯಾಗ ಕೋಳಿ ಮಧ್ಯಾನಕ್ಕ ಮಲಗತಾವ್ರಿ ಅಕ್ಕೋರ,” ಎಂದ ನನ್ನನ್ನು ಕಂಡು. “ಕತ್ತಲಾತಂತ ತಿಳೀತಾವ. ಹುಂಜ ಮತ್ತ ಚಾ ಹೊತ್ತಿಗೆ ಕೂಗತದ. ಅದರ ಡ್ಯೂಟಿ ಎಲ್ಲಾ ಅದಲಿಬದಲಿ.”

ಕಾಶವ್ವ ನಗಲಿಲ್ಲ. ರೊಟ್ಟಿ ಮುರಿದವಳು ಹಾಗೆಯೇ ಕೈಯಲ್ಲಿ ಹಿಡಿದು ನೋಡುತ್ತಿದ್ದಳು.

“ದಾವಲಣ್ಣ, ಈ ರೊಟ್ಟಿ ಯಾವ ಒಲಿದು?”

“ನಿಮ್ಮ ಓಣಿದು. ನನ್ನ ಕೇಳತೀ?”

“ನಿನ್ನದು?”

“ನಮ್ಮ ಓಣಿದು. ಯಾಕ ತಂಗಿ, ಪಲ್ಯ ಬೇಕಾಗಿತ್ತ?”

“ಮತ್ತ ಈ ಒಲಿದು,” ಎಂದು ಅವಳು ಹಿಂದಿನ ಮೆಸ್ಸಿನ ಗೋಡೆಯ ಕಡೆ ಕತ್ತು ತಿರುಗಿಸಿದಳು, “ಈ ಒಲಿದು ನಾವು ಉಂಡು ಎಷ್ಟ ದಿನ ಆತು?”

ದಾವಲಸಾಬನ ಬಾಯಿಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಆ ಸಂಗತಿ ಇಷ್ಟು ದಿನ ಅವರ ಎದುರಿಗೇ ಇತ್ತು. ಹೊಸ ಆದೇಶ, ಹೊಸ ಮನೆ, ಹೊಸ ಹೊಗೆ, ಇವುಗಳ ಗದ್ದಲದಲ್ಲಿ ಅದನ್ನು ಯಾರೂ ನೋಡಿರಲಿಲ್ಲ. ಉಣ್ಣದ ಒಲೆಗೆ ಅವರು ದಿನಾ ಕಡ್ಡಿ ಗೀರುತ್ತಿದ್ದರು. ನಮ್ಮ ಊರಿನಲ್ಲಿ ಇದಕ್ಕಿಂತ ದೊಡ್ಡ ತಪ್ಪಿಲ್ಲ. ತಾವೇ ಮಾಡಿದರೆ ತಪ್ಪು, ಮಾಡಿಸಿದರೆ ಮಹಾ ತಪ್ಪು.

“ತೋಬಾ,” ಎಂದ ಅವನು, ತುತ್ತು ನುಂಗಿ.

“ನಾಳಿಂದ ಬ್ಯಾಡ,” ಎಂದಳು ಕಾಶವ್ವ. ಕೂಗಲಿಲ್ಲ, ಘೋಷಣೆ ಹಾಕಲಿಲ್ಲ. ಬೆಂಕಿಪೊಟ್ಟಣವನ್ನು ಸೊಂಟದಿಂದ ತೆಗೆದು ಬಾಯ್ಲರ್ ಮನೆಯ ಕಟ್ಟೆಯ ಮೇಲಿಟ್ಟು, ಬುತ್ತಿ ಕಟ್ಟಿದಳು.

ಮರುದಿನ ಬೆಳಿಗ್ಗೆ ಹಾಸ್ಟೆಲ್ಲಿನಲ್ಲಿ ನೀರು ತಣ್ಣಗೆ, ಮೆಸ್ಸು ತಣ್ಣಗೆ, ಸೆಮಿನಾರ್ ಹಾಲಿನಲ್ಲಿ ಕರೆಂಟು ಹೋಗಿ ಜನರೇಟರ್ ಮೂಕ. ಹುಡುಗರು ಟವೆಲ್ಲಿನಲ್ಲೇ ಬಾಯ್ಲರ್ ಮನೆಯ ಮುಂದೆ ಸೇರಿದ್ದರು. ಕೋಳೂರ ಬಿರುಸಾಗಿ ನಡೆದು ಬಂದರು. ಹಚ್ಚುವವರೆಲ್ಲ ಕೈ ಕಟ್ಟಿ ನಿಂತಿದ್ದರು.

“ಹಚ್ಚವಾ,” ಎಂದರು.

“ಉಂಡಿಲ್ರಿ ಸರ.”

“ಏನು?”

“ಈ ಒಲಿದು ಉಂಡಿಲ್ರಿ. ನೀವ ಬಂದ್ ಮಾಡೀರಿ. ಉಣ್ಣದ ಒಲಿ ಹಚ್ಚಿದ್ರ ನಾಳೆ ನಮ್ಮ ಹೆಣ ಹೊರಾಕ ಮಂದಿ ಬರೂದಿಲ್ಲ.”

“ಇಷ್ಟ ಹೌದಲ್ಲೋ? ಇವರಿಗೆಲ್ಲ ಊಟ ಹಾಕ್ರೋ!” ಎಂದು ಕೋಳೂರ ಮೆಸ್ಸಿನ ಕಡೆ ಕೂಗಿದರು.

“ಊಟ ಎಲ್ಲೈತ್ರಿ ಸರ? ಒಲಿನ ಹಚ್ಚಿಲ್ಲ,” ಎಂದ ಮೆಸ್ಸಿನ ಮೇಲ್ವಿಚಾರಕ.

“ಹೋಟೆಲಿನಿಂದ ತರಿಸ್ರಿ.”

“ಅದು ಹೋಟೆಲಿನ ಒಲಿದಾತ್ರಿ,” ಎಂದಳು ಕಾಶವ್ವ.

“ನಿನ್ನೀದು ಉಳದದ್ದು ಇಲ್ಲೇನು?”

“ನಿನ್ನೀದು ಹಂದಿ ಸಾಕಾಂವ ಒಯ್ದಾನ್ರಿ ಸರ,” ಎಂದ ದಾವಲಸಾಬ ಬಹಳ ವಿನಯದಿಂದ. “ಬೇಕಾದ್ರ ಆ ಹಂದಿ ಕರಸ್ರಿ. ಉಂಡಾವ, ಹಚ್ಚಬಹುದು.”

ಟವೆಲ್ಲಿನ ಹುಡುಗರು ಕೇಕೆ ಹಾಕಿದರು. ಅವರಲ್ಲೊಬ್ಬ ಮುಂದೆ ಬಂದು, “ಸರ್, ನಾ ದಿನಾ ಉಣ್ತೀನಿ, ನಾ ಹಚ್ಚಲಾ?” ಎಂದ. ಕೋಳೂರ ಅವರ ಮುಖ ಅರಳುವಷ್ಟರಲ್ಲಿ ಅವನೇ ಮುಂದುವರಿಸಿದ: “ಆದ್ರ ನಾ ಮಲಗೂದು ಇಲ್ಲೇ ಹಾಸ್ಟೆಲ್‌ನ್ಯಾಗರಿ. ಹೊಗಿ ಎಲ್ಲಿ ನಿಲ್ತದ?”

ಎಲ್ಲರೂ ಒಟ್ಟಿಗೆ ತಲೆಯೆತ್ತಿ ಆ ನೀಲಿಯನ್ನು ನೋಡಿದರು. ಕೊನೆಯ ಸುತ್ತಿನ ತಪಾಸಣೆ ಹತ್ತಿರದಲ್ಲೇ ಇತ್ತು. ಉಂಡವರೆಲ್ಲ ದಿಬ್ಬದ ಮೇಲೆ ಮಲಗುವವರು. ಊರಲ್ಲಿ ಮಲಗುವವರು ಯಾರೂ ಉಂಡಿರಲಿಲ್ಲ. ಕುಲಸಚಿವರ ಬಂಗಲೆಯೂ ದಿಬ್ಬದ ಮೇಲೆಯೇ, ದಿನಾ ಇದೇ ಮೆಸ್ಸಿನ ಒಲೆಯ ಉಪ್ಪಿಟ್ಟು ಅವರ ಹೊಟ್ಟೆಗೂ ಹೋಗುತ್ತಿತ್ತು. ಕಾಶವ್ವ ಕಟ್ಟೆಯ ಮೇಲಿದ್ದ ಬೆಂಕಿಪೊಟ್ಟಣ ತೆಗೆದು, ಬಾಗಿ, ಎರಡೂ ಕೈಯಿಂದ, ಕುಂಕುಮದ ಬಟ್ಟಲು ಕೊಡುವ ಹಾಗೆ, ಅವರ ಮುಂದೆ ಹಿಡಿದಳು.

ಅವರು ಅದನ್ನು ತೆಗೆದುಕೊಂಡರು. ಸ್ವಲ್ಪ ಹೊತ್ತು ತಿರುವಿ ನೋಡಿದರು. ಆಮೇಲೆ ಜೇಬಿಗೆ ಹಾಕಿಕೊಂಡು ಬಂದ ದಾರಿಯಲ್ಲೇ ಹೊರಟುಹೋದರು.

ಮುಂದಿನದನ್ನು ಹೇಳುವಾಗ ಈಗಲೂ ನನ್ನ ರಕ್ತ ಕುದಿಯುತ್ತದೆ. ವರ್ಷಗಟ್ಟಲೆ ಆಗದಿದ್ದ ಎರಡನೇ ಹಂತ ಒಂದು ವಾರದಲ್ಲಿ ಆಯಿತು. ತಾಡಪಾಲು ಸರಿಯಿತು, ಡಬ್ಬಿಗಳು ಬಿಚ್ಚಿಕೊಂಡವು, ಹೀಟರುಗಳು ಹಾಸ್ಟೆಲ್ಲಿನ ಮಾಳಿಗೆ ಹತ್ತಿ ಬಿಸಿಲಿಗೆ ಮುಖ ಮಾಡಿ ಕೂತವು. ಕಪ್ಪೆಗಳ ಸಂಸಾರ ಎತ್ತಂಗಡಿಯಾಗಿ ಗುಂಡಿ ಪೂರ್ತಿಯಾಯಿತು, ಮುಸುರೆ ಅದಕ್ಕೆ ಬಿತ್ತು, ನೀಲಿ ಜ್ವಾಲೆ ಹೊಗೆಯಿಲ್ಲದೆ ಎದ್ದಿತು. ಖಾಲಿ ಮಾಳಿಗೆಗಳ ಮೇಲೆ ಫಲಕಗಳು ಬಂದವು. ಸೆಮಿನಾರ್ ಹಾಲಿನ ಕಿಟಕಿಗಳಿಗೆ ಬಣ್ಣ ಬಳಿದು ಬಳಿದು ಅವು ಗೋಡೆಯೇ ಆಗಿಹೋಗಿದ್ದವು. ಬಡಗಿ ಉಳಿ ಹಾಕಿ ಎಬ್ಬಿಸಿದ. ತೆರೆದರೆ, ಗಾಳಿ! ವಿದ್ವಾಂಸರೆಲ್ಲ ಆಶ್ಚರ್ಯಪಟ್ಟರು. ಹೊಗೆ ಇನ್ನೊಬ್ಬರ ಮಾಳಿಗೆಯ ಮೇಲೆ ಇರುವವರೆಗೆ ಅಸಾಧ್ಯವಾಗಿದ್ದ ವಿಜ್ಞಾನವೆಲ್ಲ, ತಮ್ಮ ಮಾಳಿಗೆಯ ಮೇಲೆ ಬರುತ್ತದೆ ಎಂದ ಕೂಡಲೇ ಬಡಗಿ, ಗೌಂಡಿ, ನಳದವನ ಕೈಯಲ್ಲಿ ಮುಗಿದುಹೋಯಿತು.

ಹಚ್ಚುವ ಕೆಲಸ ಇಲ್ಲವಾದ್ದರಿಂದ ಹಚ್ಚುವವರೂ ಬೇಡವಾದರು. ಗುತ್ತಿಗೆ ಮುಗಿಯಿತೆಂದು ಮೇಲ್ವಿಚಾರಕ ಬಾಯಿಮಾತಿನಲ್ಲೇ ಹೇಳಿ ಕಳಿಸಿದ. ಹೋಗಲಿ, ಸಂಡಿಗೆಯಾದರೂ ಇದೆ ಎಂದುಕೊಂಡು ಕಾಶವ್ವ ಮಾಳಿಗೆಗೆ ಬಂದರೆ, ಅಲ್ಲಿ ಹೊಗೆ ಕೂತೇ ಇತ್ತು. ಅಡುಗೆಯ ಹೊಗೆ ಒಂದು ಮಳೆಗಾಲಕ್ಕೆ ತೊಳೆದುಹೋಗುತ್ತದೆ. ಬಾಯ್ಲರಿನ ಹೊಗೆ ಹಾಗಲ್ಲ. ಒಮ್ಮೆ ಕೂತರೆ ಒಂದು ತಲೆಮಾರಿಗೂ ಏಳುವುದಿಲ್ಲ ಎನ್ನುತ್ತಾರೆ ಹಿರಿಯರು. ಮತ್ತೆ ನಾವಿಬ್ಬರೂ ಕೋಳೂರ ಅವರ ಕೋಣೆಗೆ ಹೋದೆವು. ಈ ಸಲ ಏಸಿ ಇರಲಿಲ್ಲ, ಕಿಟಕಿ ತೆರೆದಿತ್ತು.

“ಅದು ಹಳೇ ಹೊಗಿ,” ಎಂದರು ಅವರು. “ಆವಾಗ ಹಚ್ಚಿದವಳು ನೀನ ಅಲ್ಲೇನು? ಈಗ ನಮ್ಮಲ್ಲಿ ಹೊಗಿನ ಇಲ್ಲ. ಇಲ್ಲದ್ದರ ಬಗ್ಗೆ ನಾವು ಏನು ಮಾಡಲಿಕ್ಕೆ ಬರತದ?”

ನಾನು ಬಾಯಿ ತೆರೆದೆ. ಕಾಶವ್ವ ನನ್ನ ಮೊಣಕೈ ಹಿಡಿದು ಎಬ್ಬಿಸಿದಳು. “ಬರ್ರಿ ಅಕ್ಕೋರ. ಸರಗ ಭಾಳ ಕೆಲಸ ಅದಾವ.” ಮನೆಗೆ ಬಂದವಳು ಅಕ್ಕಿ ನೆನೆಹಾಕಿದಳು. “ಎಲ್ಲಿ ಒಣಗಸತೀ?” ಎಂದೆ. “ನೋಡೂಣು,” ಎಂದಳು.

ನಿರ್ಮಲಾಕಾಶ ಮಾನ್ಯತೆ ಪ್ರದಾನದ ಬೆಳಿಗ್ಗೆ. ಆಡಳಿತ ಭವನದ ಮುಂದೆ ಶಾಮಿಯಾನ, ಅದರ ಮುಂದೆ ಹಸಿರು ಹುಲ್ಲುಹಾಸು, ಸ್ವಾಗತದ ಕಮಾನು. ನಿರೂಪಣೆ ನನ್ನದೇ ಆಗಿತ್ತು. ಶುದ್ಧ ಕನ್ನಡ ಬೇಕಾದಾಗ ಮಾತ್ರ ನನ್ನ ನೆನಪಾಗುತ್ತದೆ. ನಾನು ತಲುಪುವಷ್ಟರಲ್ಲಿ ದಾವಲಸಾಬನ ಕೈಗಾಡಿ ಹುಲ್ಲುಹಾಸಿನ ಪಕ್ಕದಲ್ಲಿ ನಿಂತಿತ್ತು. ಗಾಡಿಯ ಮೇಲೆ ಹಿಟ್ಟಿನ ಕೊಪ್ಪರಿಗೆ. ಹುಲ್ಲಿನ ಮೇಲೆ ಒಂದರ ಪಕ್ಕ ಒಂದು ಹಳೆ ಸೀರೆಗಳು, ನಾಲ್ಕು ಮೂಲೆಗೂ ಕಲ್ಲು. ಕಾಶವ್ವ ಕುಕ್ಕುರುಗಾಲಲ್ಲಿ ಕೂತು ಸಂಡಿಗೆ ಇಡುತ್ತಿದ್ದಳು, ಬೆರಳು ನೆಲಕ್ಕೆ ತಾಗದಂತೆ, ಸಾಲು ತಪ್ಪದಂತೆ.

ಕೋಳೂರ ಓಡಿ ಬಂದರು. ಕೋಟಿನ ಮೇಲೆ ಬ್ಯಾಡ್ಜು ಇತ್ತು.

“ಏನಿದು?”

“ಸಂಡಿಗಿ ರೀ ಸರ.”

“ಇಲ್ಲಿ ಯಾಕ?”

“ನಮ್ಮ ಬಿಸಲ ಇಲ್ಲೈತಿ.” ಅವಳು ತಲೆ ಎತ್ತಲಿಲ್ಲ. “ನೀವು ನಮ್ಮ ಮನೀಗೆ ಕಳಿಸಿದ್ದು ಬಂತು. ಅದರ ಬದಲಿ ನಾವು ಇಲ್ಲಿಗೆ ಬಂದೇವಿ.”

“ಎತ್ತು! ಮೊದಲು ಎತ್ತು! ಮುಖ್ಯ ಅತಿಥಿಗಳು ಬರೋ ಹೊತ್ತು!”

“ಹಸೀದೈತ್ರಿ. ಒಣಗೂ ಮಟಾ ಎತ್ತಾಕ ಬರೂದಿಲ್ಲ.”

ಕೋಳೂರ ಕಾವಲುಗಾರರ ಕಡೆ ನೋಡಿದರು. ಇಬ್ಬರೂ ಊರಿನವರು. ಒಬ್ಬ ಶೂಸಿನ ದಾರ ಬಿಗಿಯುತ್ತಿದ್ದ, ಇನ್ನೊಬ್ಬ ಫಲಕಗಳ ಮೇಲೆ ಏನೋ ಹಕ್ಕಿ ಕಂಡವನಂತೆ ದಿಟ್ಟಿಸುತ್ತಿದ್ದ. ಅಷ್ಟರಲ್ಲಿ ಕಾರು ಬಂತು. ಹಿಂದಿನ ಸಲ ‘ಅದೇನು ಕಪ್ಪು’ ಎಂದು ಕೇಳಿದ್ದ ಮುದುಕರೇ ಇಳಿದರು. ಕಮಾನಿನಿಂದ ವೇದಿಕೆಗೆ ಹೋಗಲು ಹುಲ್ಲುಹಾಸಿನ ಮೇಲೆಯೇ ದಾರಿ. ಅವರು ಸೀರೆಗಳ ನಡುವೆ ಕಾಲಿಡಲು ಜಾಗ ಹುಡುಕಿದರು, ಸಿಗಲಿಲ್ಲ, ಬಾಗಿ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಂಡರು.

“ಇವು ಎಷ್ಟೊತ್ತಿಗೆ ಒಣಗ್ತಾವ್ರಿ ತಾಯಿ?” ಎಂದು ಕೇಳಿದರು.

“ಇಂಥಾ ಬಿಸಲಿಗೆ ಸಂಜೀಕ್ರಿ. ನಮ್ಮ ಮಾಳಗಿ ಮ್ಯಾಲಾದ್ರ, ಯಾವಾಗೂ ಇಲ್ರಿ.”

ಅವರು ದಿಬ್ಬದ ಕೆಳಗೆ ನೋಡಿದರು. ಗಾಣಗೇರ ಓಣಿಯ ಮೇಲೆ ಅದು ಅಲ್ಲೇ ಇತ್ತು, ಕೆಳಗೆ, ಎಲ್ಲರಿಗೂ ಕಾಣುವಂತೆ. “ಇದು ಊರಿಂದು ಅಂದಿದ್ರಿ ನೀವು,” ಎಂದು ಮುದುಕರು ಕೋಳೂರ ಅವರ ಕಡೆ ತಿರುಗಿದರು. ಕೋಳೂರ ಕೈಗಡಿಯಾರ ನೋಡಿಕೊಂಡರು.

ಮೈಕಿನಲ್ಲಿ ಯಾರೋ ನನ್ನ ಹೆಸರು ಕರೆಯುತ್ತಿದ್ದರು. “ಮೇಡಂ, ಹೋಗ್ರಿ, ನಿರೂಪಣೆ ಶುರು ಮಾಡ್ರಿ,” ಎಂದರು ಕೋಳೂರ ಹಲ್ಲು ಕಚ್ಚಿ. ದಾವಲಸಾಬ ಕಾಗೆ ಓಡಿಸುವ ಬೇವಿನ ಟೊಂಗೆಯೊಂದನ್ನು ನನ್ನ ಕೈಗೆ ಕೊಟ್ಟ. ಆಡಳಿತ ಭವನದ ಮಾಳಿಗೆಯ ಅಂಚಿನಲ್ಲಿ ಕಾಗೆಗಳು ಸಾಲಾಗಿ ಕೂತು ಕತ್ತು ಓರೆ ಮಾಡಿ ನೋಡುತ್ತಿದ್ದವು.

“ಬರಲಿಕ್ಕಾಗೂದಿಲ್ರಿ ಸರ್,” ಎಂದೆ. “ಕಾಗಿ ಭಾಳ ಅದಾವ.”

ಕಾಶವ್ವ ಕೊಪ್ಪರಿಗೆಯನ್ನು ಮುಂದಕ್ಕೆ ಸರಿಸಿ ಇನ್ನೊಂದು ಸೀರೆ ಕೊಡವಿ ಹಾಸಿದಳು. ಹುಲ್ಲುಹಾಸು ಇನ್ನೂ ಬಹಳ ಉಳಿದಿತ್ತು.